ಕೆಟ್ಟ ವಿಚಾರಣೆ, ಮರಳಿ ನೋಡುವ ನ್ಯಾಯ

ನ್ಯಾಯಸ್ಥಾನದ ಮೆಟ್ಟಿಲೇರಿದ ವ್ಯಾಜ್ಯಕ್ಕೆ ಎರಡೇ ಅಂತ್ಯಗಳುಂಟೆಂಬುದು ಲೋಕದ ಸಾಮಾನ್ಯ ನಂಬಿಕೆ: ಆರೋಪಿಗೆ ಶಿಕ್ಷೆಯಾಗಬೇಕು, ಇಲ್ಲವೆ ಅವನು ನಿರ್ದೋಷಿಯಾಗಿ ಹೊರಬರಬೇಕು, ಆಸ್ತಿಯ ದಾವೆಯಾದರೆ ವಾದಿ ಗೆಲ್ಲಬೇಕು, ಇಲ್ಲವೆ ಪ್ರತಿವಾದಿ ಗೆಲ್ಲಬೇಕು. ಆದರೆ ಇವೆರಡಕ್ಕೂ ಸೇರದ ಮೂರನೆಯ ಅಂತ್ಯವೊಂದುಂಟು. ಸಾಕ್ಷಿಗಳು ನುಡಿದು, ವಕೀಲರು ವಾದಿಸಿ, ಕಡತ ದಪ್ಪವಾಗಿ, ಕೆಲವೊಮ್ಮೆ ತೀರ್ಪೂ ಹೊರಬಿದ್ದ ಮೇಲೆ, ನಡೆದದ್ದಕ್ಕೆ ವಿಚಾರಣೆಯ ಆಕಾರ ಮಾತ್ರ ಇತ್ತು, ಸತ್ತ್ವವಿರಲಿಲ್ಲ ಎಂದು ನ್ಯಾಯಸ್ಥಾನವೇ ಒಪ್ಪಿಕೊಂಡು, ಆದದ್ದನ್ನೆಲ್ಲ ಬದಿಗಿಟ್ಟು ಮೊದಲಿನಿಂದ ತೊಡಗಬೇಕೆಂದು ವಿಧಿಸುವ ಅಂತ್ಯವದು. ಅಮೆರಿಕ ಮೊದಲಾದ ದೇಶಗಳ ನ್ಯಾಯಪದ್ಧತಿಯಲ್ಲಿ ಇದಕ್ಕೆ ಮಿಸ್‌ಟ್ರಯಲ್ ಎಂದು ಹೆಸರು. ನಮ್ಮ ಸಂಹಿತೆಗಳಲ್ಲಿ ಆ ಹೆಸರಿಲ್ಲದಿದ್ದರೂ ವಿಷಯವು ಪದೇ ಪದೇ ತಲೆದೋರುತ್ತದೆ. ಮರುವಿಚಾರಣೆ, ರಿಮ್ಯಾಂಡ್, ಹೊಸದಾಗಿ ವಿಚಾರಣೆ ಎಂಬ ಮಾತುಗಳಲ್ಲಿ ಅದು ದಿನವೂ ಕೋರ್ಟಿನ ಪಡಸಾಲೆಗಳಲ್ಲಿ ಕೇಳಿಬರುತ್ತದೆ.

ಈ ವಿಷಯದಲ್ಲಿ ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ವಿಚಾರಣೆಯು ಕೆಟ್ಟಿತೆಂದು ಯಾವ ಅಳತೆಯಿಂದ ನಿರ್ಣಯಿಸಬೇಕು? ಕೆಟ್ಟಿತೆಂದು ಹೇಳುವ ಅಧಿಕಾರ ಯಾರದು? ಕೆಟ್ಟ ಮೇಲೆ ಮತ್ತೆ ವಿಚಾರಣೆ ನಡೆಸಬೇಕೋ, ಆರೋಪಿಯನ್ನು ಬಿಟ್ಟುಬಿಡಬೇಕೋ? ಎರಡನೆಯ ವಿಚಾರಣೆಯ ಬೆಲೆಯನ್ನು ಯಾರು ತೆರಬೇಕು? ಮೊದಲ ಮೂರನ್ನು ನಮ್ಮ ಕಾಲದ ನ್ಯಾಯಾಧೀಶರು ಬಹಳ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ನಾಲ್ಕನೆಯದಕ್ಕೆ ಉತ್ತರ ಇನ್ನೂ ಅರೆಬರೆಯಾಗಿಯೇ ಉಳಿದಿದೆ. ಆ ಉತ್ತರದ ಒಂದು ಬೀಜ ನಮ್ಮ ಕಲ್ಯಾಣದಲ್ಲೇ, ಒಂಬೈನೂರು ವರ್ಷಗಳ ಹಿಂದೆ, ಬಿತ್ತಲ್ಪಟ್ಟಿತ್ತೆಂಬುದನ್ನು ತೋರಿಸುವುದು ಈ ಸಮೀಕ್ಷೆಯ ಉದ್ದೇಶ.

ಇಂದು ಬಸವಕಲ್ಯಾಣವೆಂದು ಕರೆಯುವ ಊರು ಚಾಲುಕ್ಯರ ಕಾಲದಲ್ಲಿ ಕಲ್ಯಾಣವಾಗಿ, ಹನ್ನೊಂದನೆಯ ಶತಮಾನದ ನಡುವೆ ಮಾನ್ಯಖೇಟದಿಂದ ರಾಜಧಾನಿಯ ಪದವಿಯನ್ನು ಪಡೆದು, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ತನ್ನ ವೈಭವದ ಶಿಖರವನ್ನು ಮುಟ್ಟಿತು. ಆ ಅರಸನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಅವನು ಈಗಿನ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಈ ಭಾಗದ ಜನ ಅಭಿಮಾನದಿಂದ ಹೇಳುವುದುಂಟು. ಮಿತಾಕ್ಷರದ ಹೆಸರನ್ನು ಕೇಳಿದೊಡನೆ ವಕೀಲರಿಗೆ ನೆನಪಾಗುವುದು ಪಿತ್ರಾರ್ಜಿತ ಆಸ್ತಿಯ ವಿಭಾಗ; ಏಕೆಂದರೆ ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ಇಳಿಸಿದ್ದು ಅದರ ದಾಯವಿಭಾಗದ ಪ್ರಕರಣವನ್ನೇ, ಬ್ರಿಟಿಷರ ಕೋರ್ಟುಗಳು ಅವಿಭಕ್ತ ಕುಟುಂಬದ ಹಕ್ಕುಗಳನ್ನು ನಿರ್ಣಯಿಸಲು ಆಧಾರವಾಗಿ ಹಿಡಿದದ್ದೂ ಅದನ್ನೇ. ಆ ಖ್ಯಾತಿಯ ನೆರಳಿನಲ್ಲಿ ಮಿತಾಕ್ಷರದ ವ್ಯವಹಾರಕಾಂಡದ ಬೇರೆ ಭಾಗಗಳು, ಅದರಲ್ಲಿಯೂ ವ್ಯಾಜ್ಯವನ್ನು ಹೇಗೆ ನಡೆಸಬೇಕು, ಹೇಗೆ ನಡೆದರೆ ಅದು ನಿಲ್ಲದು ಎಂಬ ವಿಚಾರ, ಮರೆಗೆ ಸಂದಿವೆ.

ಆ ಗ್ರಂಥ ಹೇಳುವ ಕ್ರಮದಂತೆ ವ್ಯವಹಾರಕ್ಕೆ ನಾಲ್ಕು ಪಾದಗಳು. ವಾದಿಯ ದೂರನ್ನು ಪ್ರತಿವಾದಿಯ ಎದುರಿನಲ್ಲೇ, ವರ್ಷ, ಮಾಸ, ಪಕ್ಷ, ದಿನ, ಹೆಸರು ಮೊದಲಾದ ಗುರುತುಗಳೊಡನೆ ಬರೆದುಕೊಳ್ಳಬೇಕು. ಅದನ್ನು ಕೇಳಿದ ಪ್ರತಿವಾದಿಯ ಉತ್ತರವನ್ನು ವಾದಿಯ ಸಮಕ್ಷಮದಲ್ಲಿ ಬರೆಸಬೇಕು. ಅನಂತರ ಪ್ರಮಾಣಗಳನ್ನು ಒದಗಿಸಬೇಕು. ಕೊನೆಗೆ ಸಿದ್ಧಿಯೋ ಅಸಿದ್ಧಿಯೋ ನಿರ್ಣಯವಾಗಬೇಕು. ಎದುರಾಳಿಗೆ ತಿಳಿಯದಂತೆ ಹೇಳಿದ ದೂರು ದೂರಲ್ಲ, ಅವನ ಮಾತನ್ನು ಕೇಳದೆ ಕೊಟ್ಟ ನಿರ್ಣಯ ನಿರ್ಣಯವಲ್ಲ ಎಂಬ ತತ್ತ್ವ ಈ ಕ್ರಮದಲ್ಲೇ ಅಡಕವಾಗಿದೆ. ಬಲಾತ್ಕಾರದಿಂದ ಅಥವಾ ವಂಚನೆಯಿಂದ ಮುಗಿಸಿದ ವ್ಯವಹಾರವನ್ನು, ರಾತ್ರಿಯಲ್ಲಿ, ಮನೆಯ ಒಳಗೆ, ಊರ ಹೊರಗೆ, ಶತ್ರುಗಳ ಕೈಯಲ್ಲಿ ನಡೆದ ವ್ಯವಹಾರವನ್ನು ರಾಜನು ಹಿಂದಕ್ಕೆ ತಿರುಗಿಸಬೇಕು. ಮತ್ತನು, ಉನ್ಮತ್ತನು, ರೋಗಪೀಡಿತನು, ಬಾಲಕನು, ಹೆದರಿದವನು ತೊಡಗಿದ ವ್ಯವಹಾರವೂ ಸಿದ್ಧಿಸದು. ನ್ಯಾಯವು ಹಗಲಿನಲ್ಲಿ, ನಾಲ್ಕು ಜನರ ಕಣ್ಣಮುಂದೆ, ಭಯವಿಲ್ಲದವರ ನಡುವೆ ನಡೆಯತಕ್ಕದ್ದೆಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಇನ್ನೂ ಮುಖ್ಯವಾದದ್ದು ಮುಂದಿದೆ. ತಪ್ಪಾಗಿ ನೋಡಿದ ವ್ಯಾಜ್ಯವನ್ನು ರಾಜನು ಮತ್ತೆ ನೋಡತಕ್ಕದ್ದು. ನೋಡಿದ ಮೇಲೆ ತಪ್ಪು ನಿಜವೆಂದು ಕಂಡರೆ ಮೊದಲು ತೀರ್ಪಿತ್ತ ಸಭ್ಯರಿಗೂ, ಅನ್ಯಾಯದಿಂದ ಗೆದ್ದವನಿಗೂ, ವ್ಯಾಜ್ಯದ ಮೌಲ್ಯದ ಇಮ್ಮಡಿ ದಂಡ ವಿಧಿಸತಕ್ಕದ್ದು. ಸಾಕ್ಷಿಗಳ ದೋಷದಿಂದ ತೀರ್ಪು ಕೆಟ್ಟಿದ್ದರೆ ದಂಡ ಸಾಕ್ಷಿಗಳಿಗೇ ಹೊರತು ಸಭ್ಯರಿಗಲ್ಲ ಎಂದು ವಿಜ್ಞಾನೇಶ್ವರನು ವಿಂಗಡಿಸಿ ಹೇಳುತ್ತಾನೆ. ತಿಳಿದಿದ್ದೂ ಸಾಕ್ಷಿ ನುಡಿಯದೆ ಬಾಯಿಮುಚ್ಚಿಕೊಂಡವನು ಸುಳ್ಳುಸಾಕ್ಷಿಗೆ ಸಮಾನನೆಂದೂ ಅಲ್ಲಿಯೇ ಹೇಳಿದೆ. ಆದರೆ ಮರುವಿಚಾರಣೆಯ ಬಾಗಿಲು ಸದಾ ತೆರೆದಿದ್ದರೆ ವ್ಯಾಜ್ಯಕ್ಕೆ ಕೊನೆಯೇ ಇಲ್ಲವಾದೀತೆಂಬ ಎಚ್ಚರವೂ ಆ ಸ್ಮೃತಿಕಾರನಿಗೆ ಇತ್ತು: ನ್ಯಾಯವಾಗಿಯೇ ಸೋತಿದ್ದರೂ ತಾನು ಸೋತಿಲ್ಲವೆಂದು ಹಟ ಹಿಡಿದು ಮತ್ತೆ ಬರುವವನನ್ನು ಮತ್ತೆ ಸೋಲಿಸಿ ಇಮ್ಮಡಿ ದಂಡ ತೆಗೆದುಕೊಳ್ಳಬೇಕು. ಇತ್ತ ತಪ್ಪನ್ನು ತಿದ್ದುವ ಬಾಗಿಲು, ಅತ್ತ ಹಟಮಾರಿಗೆ ತಡೆ. ಇಂದಿನ ಸರ್ವೋಚ್ಚ ನ್ಯಾಯಾಲಯವು ಮರುವಿಚಾರಣೆಯ ಕುರಿತು ತೂಗುವ ತಕ್ಕಡಿಯ ಎರಡು ತಟ್ಟೆಗಳೂ ಇಲ್ಲಿ ಇವೆ.

ಇಷ್ಟರಿಂದ ಆ ಕಾಲವನ್ನು ಹೊಗಳಿ ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಾಗದು. ಆ ಶಾಸ್ತ್ರದ ದಂಡಗಳು ವರ್ಣವನ್ನು ನೋಡಿ ಹೆಚ್ಚುಕಡಿಮೆಯಾಗುತ್ತಿದ್ದವು. ಸ್ತ್ರೀಯರು ನಡೆಸಿದ ವ್ಯವಹಾರವನ್ನೂ ಅದು ನಿಲ್ಲದವುಗಳ ಪಟ್ಟಿಗೆ ಸೇರಿಸಿತ್ತು. ಪ್ರಮಾಣ ಸಾಲದಾದಾಗ ದಿವ್ಯಗಳನ್ನು ಮೊರೆಹೋಗುತ್ತಿತ್ತು. ಇದಕ್ಕಿಂತ ಹೃದಯವನ್ನು ಕಲಕುವ ಸಂಗತಿಯೆಂದರೆ, ವಿಜ್ಞಾನೇಶ್ವರನು ಕಾಲವಾಗಿ ಬಹಳ ವರ್ಷ ಕಳೆಯುವ ಮೊದಲೇ, ಬಿಜ್ಜಳನ ಆಳಿಕೆಯಲ್ಲಿ, ಅದೇ ಕಲ್ಯಾಣದಲ್ಲಿ ಮರಳಿ ನೋಡಲು ಆಸ್ಪದವನ್ನೇ ಉಳಿಸದ ಶಿಕ್ಷೆಯೊಂದು ಜಾರಿಯಾಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ವಿವಾಹವನ್ನು ಅಪರಾಧವೆಂದೆಣಿಸಿ, ಆ ಶರಣರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಗೆ ಗುರಿಮಾಡಿದರೆಂದು ಶರಣಪರಂಪರೆ ಹೇಳುತ್ತದೆ. ಆ ವೃತ್ತಾಂತದಲ್ಲಿ ದೂರು ಉಂಟು, ಕೋಪ ಉಂಟು, ಶಿಕ್ಷೆ ಉಂಟು. ಉತ್ತರವನ್ನು ಕೇಳಿ ಬರೆದುಕೊಂಡ ಎರಡನೆಯ ಪಾದ ಮಾತ್ರ ಎಲ್ಲಿಯೂ ಕಾಣದು. ಶಾಸ್ತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಅಧಿಕಾರವು ಅದನ್ನು ದಾಟಿ ನಡೆದ ದಿನ ಅದು ಯಾರನ್ನೂ ಕಾಯದು. ಪ್ರಾಣವನ್ನು ತೆಗೆದ ಮೇಲೆ ಯಾವ ರಾಜನೂ ವ್ಯಾಜ್ಯವನ್ನು ಮತ್ತೆ ನೋಡಲಾರನು. ಕೆಟ್ಟ ವಿಚಾರಣೆಯ ವಿಷಯವನ್ನು ಬಸವಕಲ್ಯಾಣದ ನೆಲದಲ್ಲಿ ನಿಂತು ಯೋಚಿಸುವವನಿಗೆ ಈ ಎರಡು ನೆನಪುಗಳೂ ಒಟ್ಟಿಗೆ ಬರುವುದು ಅನಿವಾರ್ಯ.

ಪರದೇಶಗಳಲ್ಲಿ ಮಿಸ್‌ಟ್ರಯಲ್ ಎಂಬ ಮಾತು ಹುಟ್ಟಿ ಬೆಳೆದದ್ದು ಬಹುಮಟ್ಟಿಗೆ ಜ್ಯೂರಿಯ ಸುತ್ತ. ನ್ಯಾಯಾಧೀಶನು ಕಾನೂನನ್ನು ವಿವರಿಸಿದರೆ, ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂಬುದನ್ನು ಊರಿನ ಜನರಿಂದ ಆಯ್ದ ಪಂಚರು ನಿರ್ಣಯಿಸುವ ಪದ್ಧತಿಯಲ್ಲಿ, ಆ ಪಂಚರು ಒಮ್ಮತಕ್ಕೆ ಬಾರದೆ ಹೋದರೆ, ಅವರಲ್ಲೊಬ್ಬನು ಹೊರಗಿನವರೊಡನೆ ಮಾತಾಡಿದರೆ, ಕೇಳಬಾರದ ಸಂಗತಿ ಅವರ ಕಿವಿಗೆ ಬಿದ್ದರೆ, ನ್ಯಾಯಾಧೀಶನು ಅವರನ್ನು ಕಳುಹಿಸಿಬಿಟ್ಟು ವಿಚಾರಣೆ ಕೆಟ್ಟಿತೆಂದು ಸಾರಬೇಕಾಗುತ್ತದೆ. ಒಮ್ಮೆ ವಿಚಾರಣೆಗೆ ಒಳಗಾದವನನ್ನು ಅದೇ ಅಪರಾಧಕ್ಕೆ ಮತ್ತೆ ಗುರಿಮಾಡಬಾರದೆಂಬ ತತ್ತ್ವಕ್ಕೆ ಇದು ವಿರೋಧವಲ್ಲವೆ ಎಂಬ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು 1824ರಲ್ಲಿ, ಪೆರೆಜ್ ಎಂಬವನ ಪ್ರಕರಣದಲ್ಲಿ, ನ್ಯಾಯಮೂರ್ತಿ ಸ್ಟೋರಿಯವರ ಮೂಲಕ ಉತ್ತರ ಕೊಟ್ಟಿತು: ಕಣ್ಣಿಗೆ ಹೊಡೆದು ಕಾಣುವಷ್ಟು ಅನಿವಾರ್ಯತೆ ಇದ್ದಾಗ ಮಾತ್ರ ಜ್ಯೂರಿಯನ್ನು ಬಿಡಿಸಿ ಮತ್ತೆ ವಿಚಾರಣೆ ನಡೆಸಬಹುದು. ಈ ಅಳತೆಯೂ ಅನ್ಯಾಯವನ್ನು ತಡೆಯಲಾರದೆ ಹೋದ ನಿದರ್ಶನ ಕರ್ಟಿಸ್ ಫ್ಲವರ್ಸ್ ಎಂಬವರದು. 1996ರಲ್ಲಿ ಮಿಸಿಸಿಪ್ಪಿಯ ವಿನೋನಾ ಎಂಬ ಸಣ್ಣ ಊರಿನಲ್ಲಿ ನಾಲ್ವರ ಕೊಲೆಯಾಯಿತು. ಆ ಆರೋಪದ ಮೇಲೆ ಅವರನ್ನು ಆರು ಸಲ ವಿಚಾರಣೆಗೆ ಗುರಿಪಡಿಸಿದರು. ಮೂರು ಸಲದ ಶಿಕ್ಷೆಗಳನ್ನು ಆ ರಾಜ್ಯದ ಮೇಲಿನ ಕೋರ್ಟೇ ಅಳಿಸಿತು, ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಆರನೆಯದನ್ನು 2019ರಲ್ಲಿ ದೇಶದ ಸುಪ್ರೀಂ ಕೋರ್ಟು ರದ್ದುಪಡಿಸಿತು. ಕರಿಯರನ್ನು ಜ್ಯೂರಿಯಿಂದ ಹೊರಗಿಡಲು ಸರ್ಕಾರಿ ವಕೀಲನು ಹವಣಿಸಿದ್ದನೆಂಬುದೇ ಅದಕ್ಕೆ ಕಾರಣ. 2020ರಲ್ಲಿ ಆರೋಪವನ್ನೇ ಕೈಬಿಡುವ ಹೊತ್ತಿಗೆ ಆ ಮನುಷ್ಯನ ಬಾಳಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಸೆರೆಯಲ್ಲಿ ಕಳೆದುಹೋಗಿದ್ದವು. ಮರುವಿಚಾರಣೆಯು ಪರಿಹಾರವಾಗುವ ಬದಲು ತಾನೇ ಶಿಕ್ಷೆಯಾಗಿ ಪರಿಣಮಿಸಬಹುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ನಮ್ಮ ದೇಶದಲ್ಲಿಯೂ ಬ್ರಿಟಿಷರ ಕಾಲದಿಂದ ಕೆಲವೆಡೆ ಜ್ಯೂರಿ ಪದ್ಧತಿ ಇತ್ತು. ಜ್ಯೂರಿಯನ್ನು ಬಿಡಿಸಿ ಬೇರೆ ಜ್ಯೂರಿಯ ಮುಂದೆ ಆರೋಪಿಯನ್ನು ವಿಚಾರಿಸುವ ವಿಧಿಯನ್ನು 1898ರ ದಂಡಪ್ರಕ್ರಿಯಾ ಸಂಹಿತೆ ಒಳಗೊಂಡಿತ್ತು. ಜನ ಇಂದಿಗೂ ನೆನೆಯುವುದು ನಾನಾವತಿ ಪ್ರಕರಣ. 1959ರಲ್ಲಿ ಮುಂಬಯಿಯ ಜ್ಯೂರಿಯು ಎಂಟಕ್ಕೆ ಒಂದು ಮತದಿಂದ ಕೊಲೆಯ ಆರೋಪ ಹೊತ್ತ ನೌಕಾಧಿಕಾರಿ ನಾನಾವತಿಯನ್ನು ನಿರ್ದೋಷಿಯೆಂದಾಗ, ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದರು. ಉಚ್ಚ ನ್ಯಾಯಾಲಯವು ಜ್ಯೂರಿಗೆ ಕೊಟ್ಟ ವಿವರಣೆಯಲ್ಲೇ ದೋಷಗಳನ್ನು ಕಂಡು, ಮತ್ತೊಂದು ಜ್ಯೂರಿಗೆ ಕಳುಹಿಸದೆ ಸಾಕ್ಷ್ಯವನ್ನು ತಾನೇ ತೂಗಿ ಶಿಕ್ಷೆ ವಿಧಿಸಿತು. 1961ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಸ್ಥಿರಪಡಿಸಿತು. ಮುಂದೆ 1973ರ ಸಂಹಿತೆ ಬಂದಾಗ ಜ್ಯೂರಿಗೆ ಅದರಲ್ಲಿ ಸ್ಥಳವಿರಲಿಲ್ಲ. ಆದುದರಿಂದ ನಮ್ಮಲ್ಲಿ ವಿಚಾರಣೆ ಕೆಡುವುದು ಪಂಚರ ಭಿನ್ನಮತದಿಂದಲ್ಲ. ಅಧಿಕಾರವಿಲ್ಲದ ಕೋರ್ಟು ವಿಚಾರಿಸುವುದರಿಂದ, ಆರೋಪವನ್ನು ತಿಳಿಸದಿರುವುದರಿಂದ, ವಕೀಲನನ್ನು ಒದಗಿಸದಿರುವುದರಿಂದ, ಸಾಕ್ಷಿಯನ್ನು ಹೆದರಿಸುವುದರಿಂದ, ನ್ಯಾಯಾಧೀಶನು ಬದಲಾಗುವುದರಿಂದ.

ಇವುಗಳಲ್ಲಿ ಯಾವುದು ಪ್ರಾಣಾಂತಿಕ, ಯಾವುದು ಸಹಿಸತಕ್ಕ ಸಣ್ಣ ಲೋಪ? ನಮ್ಮ ಕಾನೂನಿನ ಅಳತೆ ಹೀಗಿದೆ: ಯಾವ ಲೋಪವೇ ಆಗಲಿ, ಅದರಿಂದ ನ್ಯಾಯಕ್ಕೆ ಭಂಗ ಬಂದಿದ್ದರೆ ಮಾತ್ರ ತೀರ್ಪು ಬೀಳಬೇಕು, ಬರಿಯ ನಿಯಮೋಲ್ಲಂಘನೆಯ ಕಾರಣದಿಂದ ಬೀಳಬಾರದು. 1973ರ ಸಂಹಿತೆಯ 465ನೆಯ ಪ್ರಕರಣದಲ್ಲಿದ್ದ ಈ ವಿಧಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 511ನೆಯ ಪ್ರಕರಣದಲ್ಲಿ ಮುಂದುವರಿದಿದೆ. ಮರುವಿಚಾರಣೆಗೆ ಆಜ್ಞಾಪಿಸುವ ಅಧಿಕಾರ ಮೇಲ್ಮನವಿಯ ಕೋರ್ಟಿಗೆ 386ನೆಯ ಪ್ರಕರಣದಲ್ಲಿತ್ತು, ಈಗ 427ರಲ್ಲಿದೆ. ಆರೋಪಪಟ್ಟಿಯಲ್ಲಿನ ದೋಷದಿಂದ ವಿಚಾರಣೆ ಕೆಡುವುದೇ ಎಂಬ ಪ್ರಶ್ನೆಯನ್ನು 1955ರಲ್ಲಿ ಸ್ಲೇನಿ ಪ್ರಕರಣದಲ್ಲಿ ಪರಿಶೀಲಿಸಿದ ಸರ್ವೋಚ್ಚ ನ್ಯಾಯಾಲಯವು ಆಕಾರಕ್ಕಿಂತ ಸತ್ತ್ವವನ್ನು ನೋಡಬೇಕೆಂದಿತು: ಆರೋಪಿಗೆ ತನ್ನ ಮೇಲಿನ ಆರೋಪ ಏನೆಂಬುದು ತಿಳಿದಿತ್ತೆ, ಅದಕ್ಕೆ ಉತ್ತರ ಕೊಡಲು ಅವಕಾಶ ಸಿಕ್ಕಿತ್ತೆ, ಲೋಪದಿಂದ ಅವನಿಗೆ ನಿಜವಾದ ಹಾನಿಯಾಯಿತೆ? ಈ ಮೂರು ಪ್ರಶ್ನೆಗಳು ಮಿತಾಕ್ಷರದ ಮೊದಲೆರಡು ಪಾದಗಳಿಗೆ ಎಷ್ಟು ಹತ್ತಿರವಾಗಿವೆ ಎಂಬುದನ್ನು ಓದುಗರೇ ಕಾಣಬಹುದು.

ಈ ಅಳತೆ ರೂಪುಗೊಂಡ ಆರಂಭದ ವರ್ಷಗಳಲ್ಲಿ ಬಸವಕಲ್ಯಾಣ ಮತ್ತು ಅದರ ನೆರೆಯ ಹುಮನಾಬಾದುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆಗ ಕಲ್ಯಾಣಿಯೆನಿಸಿದ್ದ ಬಸವಕಲ್ಯಾಣವು ನವಾಬರ ಜಾಗೀರಾಗಿತ್ತು. ನಿಜಾಮನ ಆಳಿಕೆಯಲ್ಲಿ ಕೋರ್ಟುಗಳ ಭಾಷೆ ಉರ್ದು. ಕನ್ನಡವನ್ನೋ ಮರಾಠಿಯನ್ನೋ ಬಲ್ಲ ರೈತನಿಗೆ ತನ್ನದೇ ವ್ಯಾಜ್ಯದ ಕಾಗದ ಓದಲು ಮತ್ತೊಬ್ಬನ ಕಣ್ಣು ಬೇಕಾಗುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಆ ಆಳಿಕೆ ಕೊನೆಗೊಂಡ ಮೇಲೆ, ವಿಶೇಷ ನ್ಯಾಯಮಂಡಲಿಗಳ ಮುಂದೆ ನಡೆದ ವಿಚಾರಣೆಗಳು ಹೊಸ ಸಂವಿಧಾನದ ಪರೀಕ್ಷೆಗೆ ಒಳಗಾದವು. ತೆಲಂಗಾಣದ ರೈತ ಹೋರಾಟದಲ್ಲಿ ಮರಣದಂಡನೆಗೆ ಗುರಿಯಾದವರು ತಂದ ಜನಾರ್ದನ ರೆಡ್ಡಿ ಪ್ರಕರಣದಲ್ಲಿ, ಆರೋಪಿಗಳ ಪರವಾಗಿ ವಕೀಲರಿರಲಿಲ್ಲವೆಂಬ ಮಾತ್ರಕ್ಕೆ ವಿಚಾರಣೆ ತಾನೇ ಶೂನ್ಯವಾಗದೆಂದು 1951ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಎರಡು ವರ್ಷಗಳ ಬಳಿಕ, ವರಂಗಲ್ಲಿನ ಸುಬೇದಾರನಾಗಿದ್ದ ಹಬೀಬ್ ಮಹಮ್ಮದರ ಮೇಲ್ಮನವಿಯಲ್ಲಿ ಅದೇ ನ್ಯಾಯಾಲಯದ ಧೋರಣೆ ಬೇರೆಯಾಯಿತು: ಆರೋಪಕ್ಕೆ ಕಾರಣವಾದ ಘಟನೆಯ ಸ್ಥಳದಲ್ಲಿದ್ದ ಮುಖ್ಯ ಪೊಲೀಸ್ ಅಧಿಕಾರಿಯನ್ನು ಸಾಕ್ಷಿಯಾಗಿ ಕರೆಸದೆ ಅಭಿಯೋಜಕರು ಬಚ್ಚಿಟ್ಟರೆ ವಿಚಾರಣೆ ನ್ಯಾಯವಾದದ್ದಾಗದೆಂದು ಮರಣದಂಡನೆಯನ್ನು ತೆಗೆದುಹಾಕಿತು. ಜನರ ಕೋಪ ಕುದಿಯುತ್ತಿದ್ದ ದಿನಗಳಲ್ಲಿ, ಸೋತ ಆಳಿಕೆಯ ಅಧಿಕಾರಿಯೊಬ್ಬನಿಗೂ ನ್ಯಾಯವಾದ ವಿಚಾರಣೆಯ ಹಕ್ಕು ಉಂಟೆಂದು ಸ್ಥಾಪಿಸಿದ್ದು ಆ ಎಳೆಯ ಗಣರಾಜ್ಯದ ಮನೋಬಲಕ್ಕೆ ಸಾಕ್ಷಿ.

ವಕೀಲನಿಲ್ಲದ ವಿಚಾರಣೆಯ ಪ್ರಶ್ನೆ ಆರು ದಶಕಗಳ ಬಳಿಕ ಮರಳಿ ಬಂತು. 1997ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ಬಾಂಬು ಸಿಡಿದು ನಾಲ್ವರು ಸತ್ತ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾದ ಆರೋಪಿಯ ಎದುರು ಬಹುಪಾಲು ಸಾಕ್ಷಿಗಳು ಹೇಳಿಕೆ ಕೊಟ್ಟಾಗ ಪಾಟೀಸವಾಲು ಮಾಡಲು ವಕೀಲನೇ ಇರಲಿಲ್ಲ. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳೂ ಶಿಕ್ಷೆಯನ್ನು ಅಳಿಸಿದರು. ಆದರೆ ಮತ್ತೆ ವಿಚಾರಿಸಬೇಕೆ, ಇಷ್ಟು ವರ್ಷದ ಸೆರೆಯ ಬಳಿಕ ಬಿಟ್ಟುಬಿಡಬೇಕೆ ಎಂಬಲ್ಲಿ ಅವರ ಮತ ಭೇದವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮೂವರ ಪೀಠವು ಸತ್ತವರ ಕಡೆಯನ್ನೂ ನೋಡಿ, ಮೂರು ತಿಂಗಳೊಳಗೆ ಮುಗಿಯುವಂತೆ ಹೊಸ ವಿಚಾರಣೆಗೆ ಆಜ್ಞಾಪಿಸಿತು. ವಕೀಲನ ನೆರವಿನೊಡನೆ ನಡೆದ ಆ ವಿಚಾರಣೆಯಲ್ಲಿ, 2013ರ ಆರಂಭದಲ್ಲಿ, ಆರೋಪಿ ನಿರ್ದೋಷಿಯೆಂದು ಹೊರಬಂದನು. ಒಂದೇ ಆರೋಪ, ಅದೇ ಸಾಕ್ಷ್ಯ. ಪ್ರಶ್ನೆ ಕೇಳುವ ಬಾಯೊಂದು ಸೇರಿದೊಡನೆ ನೇಣು ಬಿಡುಗಡೆಯಾಯಿತು. ವಿಚಾರಣೆಯ ಕ್ರಮವೆಂಬುದು ಬರಿಯ ತಾಂತ್ರಿಕತೆಯೆಂದು ಬೇಸರಪಡುವವರು ಈ ಒಂದು ಪ್ರಕರಣವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ಹಾಗೆಂದು ಮರುವಿಚಾರಣೆಯನ್ನು ಉದಾರವಾಗಿ ಹಂಚಬಾರದೆಂಬ ಎಚ್ಚರವೂ ನಮ್ಮ ನ್ಯಾಯಾಲಯಗಳಲ್ಲಿ ಬಲವಾಗಿದೆ. 1963ರ ಉಖಾ ಕೋಲ್ಹೆ ಪ್ರಕರಣದಲ್ಲಿ ಹೇಳಿದ ತತ್ತ್ವವೇ ಇಂದಿಗೂ ಆಧಾರ: ಮೊದಲ ಕೋರ್ಟಿಗೆ ಅಧಿಕಾರವೇ ಇಲ್ಲದಿದ್ದಾಗ, ಗುರುತರವಾದ ಅಕ್ರಮದಿಂದ ನಿಜವಾದ ವಿಚಾರಣೆಯೇ ನಡೆಯದಿದ್ದಾಗ, ಕೈಮೀರಿದ ಕಾರಣದಿಂದ ಮುಖ್ಯ ಸಾಕ್ಷ್ಯವನ್ನು ಒದಗಿಸಲಾಗದಿದ್ದಾಗ ಮಾತ್ರ ಮರುವಿಚಾರಣೆ, ಅಭಿಯೋಜಕರು ತಮ್ಮ ಪ್ರಕರಣದ ಬಿರುಕುಗಳನ್ನು ಮುಚ್ಚಿಕೊಳ್ಳಲು ಅದು ಎರಡನೆಯ ಅವಕಾಶವಾಗಬಾರದು. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆಗೆ ಗುರಿಪಡಿಸಬಾರದೆಂದು ಸಂವಿಧಾನದ 20ನೆಯ ಅನುಚ್ಛೇದ ಹೇಳುವಾಗ, ಮೇಲ್ಮನವಿಯಲ್ಲಿ ಮೊದಲ ತೀರ್ಪು ಅಳಿದ ಮೇಲೆ ನಡೆಯುವ ವಿಚಾರಣೆಯು ಆ ನಿಷೇಧಕ್ಕೆ ಸಿಕ್ಕದೆಂಬುದು ನಿಜ. ಆದರೂ ಆರೋಪಿಯ ಮನೆಯವರ ಕಣ್ಣಿನಲ್ಲಿ ಅದು ಎರಡನೆಯ ಶಿಕ್ಷೆಯೇ.

ಸಾಕ್ಷಿಗಳ ಭಯದಿಂದ ವಿಚಾರಣೆ ಕೆಟ್ಟಾಗ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. 2002ರಲ್ಲಿ ವಡೋದರಾದ ಬೆಸ್ಟ್ ಬೇಕರಿಯಲ್ಲಿ ಹದಿನಾಲ್ಕು ಜನ ಸತ್ತ ಪ್ರಕರಣದಲ್ಲಿ ಸಾಕ್ಷಿಗಳು ಸಾಲುಸಾಲಾಗಿ ಪ್ರತಿಕೂಲರಾಗಿ, 2003ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದಾಗ, ಮರುವರ್ಷದ ಏಪ್ರಿಲ್ 12ರಂದು ಸರ್ವೋಚ್ಚ ನ್ಯಾಯಾಲಯವು ಆ ವಿಚಾರಣೆಯನ್ನು ವಿಚಾರಣೆಯೆಂದೇ ಎಣಿಸದೆ, ಗುಜರಾತಿನ ಹೊರಗೆ, ಮಹಾರಾಷ್ಟ್ರದಲ್ಲಿ, ಮೊದಲಿನಿಂದ ನಡೆಸಬೇಕೆಂದಿತು. 2006ರಲ್ಲಿ ಮುಂಬಯಿಯ ಕೋರ್ಟು ಒಂಬತ್ತು ಜನರಿಗೆ ಶಿಕ್ಷೆ ವಿಧಿಸಿತು, 2012ರಲ್ಲಿ ಉಚ್ಚ ನ್ಯಾಯಾಲಯವು ಅವರಲ್ಲಿ ನಾಲ್ವರ ಶಿಕ್ಷೆಯನ್ನು ಉಳಿಸಿ ಐವರನ್ನು ಬಿಡಿಸಿತು. ಇದರ ಪಕ್ಕದಲ್ಲಿ ನಮ್ಮ ನಾಡಿನದೇ ಒಂದು ನೋವಿನ ಪ್ರಕರಣವನ್ನು ಇಡಬೇಕು. 2000ದ ಮಾರ್ಚಿನಲ್ಲಿ ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಅಲ್ಲಿಯೂ ಸಾಕ್ಷಿಗಳು ಪ್ರತಿಕೂಲರಾದರು. 2006ರಲ್ಲಿ ಸೆಷನ್ಸ್ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಉಚ್ಚ ನ್ಯಾಯಾಲಯವು ಆ ಬಿಡುಗಡೆಯನ್ನು ಸ್ಥಿರಪಡಿಸಿತು. ಏಳು ಜನ ಸುಟ್ಟು ಸತ್ತದ್ದು ನಿಜ. ಸುಟ್ಟವರು ಯಾರೆಂದು ಹೇಳುವ ತೀರ್ಪು ಮಾತ್ರ ಇಲ್ಲ. ಹೆದರಿದವನು ನಡೆಸಿದ ವ್ಯವಹಾರ ಸಿದ್ಧಿಸದೆಂದು ಕಲ್ಯಾಣದ ಪಂಡಿತನು ವ್ಯಾಖ್ಯಾನಿಸಿದ ಮಾತನ್ನು ಸಾಕ್ಷಿಗೂ ಅನ್ವಯಿಸುವುದಾದರೆ, ಭಯದ ನೆರಳಿನಲ್ಲಿ ನಡೆದ ವಿಚಾರಣೆಯು ಆರೋಪಿಯ ಪರವಾಗಿ ಮುಗಿದರೂ ಕೆಟ್ಟ ವಿಚಾರಣೆಯೇ ಎಂದು ನನ್ನ ದೃಢವಾದ ನಂಬಿಕೆ. 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಇತ್ತದ್ದೂ, ಹೊಸ ಸಂಹಿತೆಯು ಪ್ರತಿಯೊಂದು ರಾಜ್ಯವೂ ಅಂಥ ಯೋಜನೆಯನ್ನು ರೂಪಿಸಬೇಕೆಂದು ವಿಧಿಸಿರುವುದೂ ಈ ನೋವುಗಳ ಫಲ.

ಎಲ್ಲ ದೋಷಕ್ಕೂ ಮರುವಿಚಾರಣೆಯೇ ಮದ್ದಲ್ಲವೆಂಬುದಕ್ಕೆ ಕರ್ನಾಟಕದಲ್ಲಿ ನಡೆದ ಪ್ರಸಿದ್ಧ ವಿಚಾರಣೆಯೊಂದು ನಿದರ್ಶನ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಆಸ್ತಿಯ ಪ್ರಕರಣವನ್ನು, ಅಲ್ಲಿ ನ್ಯಾಯವಾದ ವಿಚಾರಣೆ ಸಾಧ್ಯವಾಗದೆಂಬ ಕಾರಣದಿಂದ, ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಬೆಂಗಳೂರಿಗೆ ವರ್ಗಾಯಿಸಿತ್ತು. 2014ರ ಸೆಪ್ಟೆಂಬರಿನಲ್ಲಿ ಶಿಕ್ಷೆಯಾಗಿ, ಮೇಲ್ಮನವಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನಡೆಯುವಾಗ, ಸರ್ಕಾರದ ಪರವಾಗಿ ವಾದಿಸಿದ ಅಭಿಯೋಜಕರ ನೇಮಕವೇ ಅಸಿಂಧುವೆಂಬ ಆಕ್ಷೇಪ ಎದ್ದಿತು. 2015ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಈ ಬಗ್ಗೆ ಭಿನ್ನಮತರಾದರು. ಬಳಿಕ ಮೂವರ ಪೀಠವು ನೇಮಕ ತಪ್ಪೆಂದೂ, ಆದರೂ ಮೇಲ್ಮನವಿಯನ್ನು ಮೊದಲಿನಿಂದ ಕೇಳುವ ಅಗತ್ಯವಿಲ್ಲವೆಂದೂ, ಕರ್ನಾಟಕ ಸರ್ಕಾರವು ತನ್ನ ವಾದವನ್ನು ಬರಹದಲ್ಲಿ ಸಲ್ಲಿಸಿದರೆ ಸಾಕೆಂದೂ ತೀರ್ಮಾನಿಸಿತು. ಮೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು, 2017ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯ ಮೊದಲ ತೀರ್ಪನ್ನೇ ಎತ್ತಿಹಿಡಿಯಿತು. ಹದಿನೆಂಟು ವರ್ಷ ದಾಟಿದ ಪ್ರಕರಣವನ್ನು ಒಂದು ಲೋಪಕ್ಕಾಗಿ ಮತ್ತೆ ಹಿಂದಕ್ಕೆ ಎಳೆಯದೆ, ಲೋಪಕ್ಕೆ ತಕ್ಕಷ್ಟೇ ಪರಿಹಾರ ಕೊಟ್ಟ ಆ ವಿವೇಕ ಅನುಕರಣೀಯ.

ಇವೆಲ್ಲ ಪತ್ರಿಕೆಗಳಲ್ಲಿ ಬರುವ ದೊಡ್ಡ ಪ್ರಕರಣಗಳು. ಬಸವಕಲ್ಯಾಣದ ಅಥವಾ ಹುಮನಾಬಾದಿನ ಕೋರ್ಟಿಗೆ ಬರುವವನಿಗೆ ಕೆಟ್ಟ ವಿಚಾರಣೆಯ ಪರಿಚಯವಾಗುವುದು ಚಿಕ್ಕ ವ್ಯಾಜ್ಯಗಳಲ್ಲಿ. ಬ್ಯಾಂಕಿನಿಂದ ಮರಳಿದ ಚೆಕ್ಕಿನ ಪ್ರಕರಣವನ್ನು ಸಂಕ್ಷಿಪ್ತ ವಿಚಾರಣೆಯಾಗಿ ನಡೆಸುತ್ತಿರುವಾಗ ಮ್ಯಾಜಿಸ್ಟ್ರೇಟರು ವರ್ಗವಾದರೆ, ಮುಂದೆ ಬಂದವರು ಹಿಂದಿನವರು ಬರೆದುಕೊಂಡ ಸಾಕ್ಷ್ಯವನ್ನು ಆಧರಿಸುವಂತಿಲ್ಲ, ಮೊದಲಿನಿಂದ ತೊಡಗಬೇಕೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಸಾಕ್ಷ್ಯವನ್ನು ಪೂರ್ಣವಾಗಿ ಬರೆದುಕೊಂಡಿದ್ದರೆ ಅದರ ಅಗತ್ಯವಿಲ್ಲವೆಂದು 2014ರಲ್ಲಿ ಆ ಕಾಠಿಣ್ಯವನ್ನು ಸಡಿಲಿಸಿತು. ಹೊಲದ ಪಾಲಿನ ದಾವೆಯಲ್ಲಿ ಹೀಗೂ ಆಗುತ್ತದೆ: ಪ್ರತಿವಾದಿ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿರುತ್ತಾನೆ, ಸಮನ್ಸನ್ನು ಬೀಗ ಹಾಕಿದ ಮನೆಯ ಬಾಗಿಲಿಗೆ ಅಂಟಿಸುತ್ತಾರೆ, ಮಳೆಗೆ ಕಾಗದ ಕರಗಿಹೋಗುತ್ತದೆ, ಏಕಪಕ್ಷೀಯ ಡಿಕ್ರಿಯಾಗುತ್ತದೆ, ಅವನು ಯುಗಾದಿಗೆ ಊರಿಗೆ ಬಂದಾಗ ತನ್ನ ಹೊಲದಲ್ಲಿ ಬೇರೆಯವರ ಗಳೆ ಓಡುತ್ತಿರುತ್ತದೆ. ಸಮನ್ಸ್ ಸರಿಯಾಗಿ ಮುಟ್ಟಿರಲಿಲ್ಲವೆಂದು ತೋರಿಸಿ ಡಿಕ್ರಿಯನ್ನು ತೆಗೆಸಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ದಾರಿ ಇದೆ. ಆ ದಾರಿಯಲ್ಲಿ ಅವನು ನಡೆದು ಮುಗಿಸುವ ಹೊತ್ತಿಗೆ ಎಷ್ಟು ಬೆಳೆಗಳು ಕೈತಪ್ಪುವವೆಂಬ ಲೆಕ್ಕವನ್ನು ಸಂಹಿತೆ ಇಡುವುದಿಲ್ಲ.

ಇಲ್ಲಿ ನಾಲ್ಕನೆಯ ಪ್ರಶ್ನೆ ಎದುರಾಗುತ್ತದೆ. ಹಳ್ಳಿಯ ಕೂಲಿಯವನೊಬ್ಬ ಸಾಕ್ಷಿಯಾಗಿ ಬರುವ ದಿನವನ್ನು ಗಮನಿಸಿರಿ. ತೊಗರಿಯ ರಾಶಿ ಕಣದಲ್ಲಿರುವಾಗ ಕೂಲಿ ಬಿಟ್ಟು ಮೊದಲ ಬಸ್ಸು ಹಿಡಿದು ಬರುತ್ತಾನೆ; ಹೆಸರಿನ ಕೂಗು ಎಲ್ಲಿ ತಪ್ಪೀತೋ ಎಂದು ಚಹಕ್ಕೂ ಹೋಗದೆ ಕೋರ್ಟಿನ ಗೋಡೆಗೆ ಒರಗಿ ಕೂರುತ್ತಾನೆ; ಸಂಜೆಗೆ ಮುಂದಿನ ತಾರೀಖು ಸಿಗುತ್ತದೆ. ಹೀಗೆ ನಾಲ್ಕಾರು ಸಲ ಅಲೆದು, ಒಮ್ಮೆ ಕಟಕಟೆ ಹತ್ತಿ, ಊರಿನ ಬಲಿಷ್ಠರ ಕಣ್ಣುಗಳ ಎದುರು ಕಂಡದ್ದನ್ನು ಹೇಳಿ ಇಳಿದಿರುತ್ತಾನೆ. ವರ್ಷಗಳ ಬಳಿಕ ಅವನಿಗೆ ಮತ್ತೆ ಸಮನ್ಸ್ ಬರುತ್ತದೆ: ಹಿಂದೆ ಹೇಳಿದ್ದು ಲೆಕ್ಕಕ್ಕಿಲ್ಲ, ಮತ್ತೆ ಹೇಳು. ಆಗ ಅವನ ನೆನಪು ಮಸುಕಾಗಿರುತ್ತದೆ, ಧೈರ್ಯ ಕುಂದಿರುತ್ತದೆ. ಮೊದಲಿನ ಹೇಳಿಕೆಗೂ ಎರಡನೆಯದಕ್ಕೂ ಕಂಡ ಒಂದು ವ್ಯತ್ಯಾಸವನ್ನು ಹಿಡಿದು ವಕೀಲನು ಅವನನ್ನು ಸುಳ್ಳುಗಾರನೆನ್ನುತ್ತಾನೆ. ಅತ್ತ ಆರೋಪಿಯೂ ಅಷ್ಟೇ ವರ್ಷ ಸೆರೆಯಲ್ಲೋ ಜಾಮೀನಿನ ಹಂಗಿನಲ್ಲೋ ಬದುಕಿರುತ್ತಾನೆ. ವಿಚಾರಣೆಯನ್ನು ಕೆಡಿಸಿದವರು ಯಾರೇ ಆಗಿರಲಿ, ತೆರುವವರು ಈ ಇಬ್ಬರೇ, ಮತ್ತು ನೊಂದವರ ಕುಟುಂಬ.

ಮಿತಾಕ್ಷರದ ಕಾಲದಿಂದ ನಾವು ಸಮಾನತೆಯಲ್ಲಿ ಬಹು ದೂರ ಬಂದಿದ್ದೇವೆ, ಬರಬೇಕಾದದ್ದೂ ಹಾಗೆಯೇ; ಆದರೆ ಕೆಟ್ಟ ವಿಚಾರಣೆಗೆ ಹೊಣೆಗಾರನಿರಬೇಕೆಂಬ ಅದರ ವಿವೇಕವನ್ನು ಹಿಂದೆಯೇ ಬಿಟ್ಟುಬಂದಿದ್ದೇವೆ. ಅಧರ್ಮದ ನಿರ್ಣಯದ ಪಾಪದಲ್ಲಿ ಮಾಡಿದವನಿಗೆ, ಸಾಕ್ಷಿಗೆ, ಸಭ್ಯರಿಗೆ, ರಾಜನಿಗೆ ಸಮಪಾಲೆಂದು ಮನುಸ್ಮೃತಿಯೂ ಹೇಳಿತ್ತು. ಪ್ರಾಮಾಣಿಕವಾಗಿ ತಪ್ಪಿದ ನ್ಯಾಯಾಧೀಶನಿಗೆ ಇಂದು ದಂಡ ಹಾಕಬೇಕೆಂದು ನಾನು ಹೇಳುವುದಿಲ್ಲ. ದಂಡದ ಭಯದಲ್ಲಿ ಕುಳಿತವನು ಸ್ವತಂತ್ರವಾಗಿ ಯೋಚಿಸಲಾರನು. ನಾನು ಹೇಳುವುದು ರಾಜನ ಪಾಲಿನ ಕುರಿತು, ಎಂದರೆ ರಾಜ್ಯದ ಹೊಣೆಯ ಕುರಿತು. ಸಾಕ್ಷಿಯನ್ನು ಬಚ್ಚಿಟ್ಟ, ವಕೀಲನನ್ನು ಒದಗಿಸದ, ಭಯವನ್ನು ತಡೆಯದ ಲೋಪ ಆಡಳಿತದ್ದಾದರೆ, ಮರುವಿಚಾರಣೆಯ ಆಜ್ಞೆಯ ಜೊತೆಯಲ್ಲೇ ಅದರ ವೆಚ್ಚ, ಸಾಕ್ಷಿಗಳ ಭತ್ತೆ ಮತ್ತು ರಕ್ಷಣೆ, ವ್ಯರ್ಥವಾಗಿ ಕಳೆದ ಸೆರೆವಾಸಕ್ಕೆ ಪರಿಹಾರ ಇವುಗಳನ್ನು ರಾಜ್ಯವೇ ಭರಿಸಬೇಕೆಂದು ಕಾನೂನಿನಲ್ಲಿ ಬರೆದಿರಬೇಕು. ದೆಹಲಿಯ ಬಸ್ಸಿನ ಪ್ರಕರಣದಲ್ಲಿ 2012ರ ಪೀಠ ಮಾಡಿದಂತೆ ಹೊಸ ವಿಚಾರಣೆಗೆ ಕಾಲದ ಮಿತಿ ಹಾಕುವುದು ನಿಯಮವಾಗಬೇಕು, ಅಪವಾದವಾಗಬಾರದು.

2008ರಿಂದ ಉಚ್ಚ ನ್ಯಾಯಾಲಯದ ಪೀಠ ಕಲಬುರಗಿಯಲ್ಲೇ ಕೂಡುತ್ತಿರುವುದರಿಂದ, ತಪ್ಪನ್ನು ತಿದ್ದಿಸಿಕೊಳ್ಳಲು ಬೀದರ ಜಿಲ್ಲೆಯ ಕಕ್ಷಿಗಾರನು ಆರುನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಬೇಕಾದ ಕಷ್ಟ ತಪ್ಪಿದೆ. ದೂರ ಕಡಿಮೆಯಾದಂತೆ ಹೊಣೆ ಹೆಚ್ಚಾಗಲಿ. ನಡೆದ ವಿಚಾರಣೆ ಕೆಟ್ಟಿತೆಂದು ಒಪ್ಪಿಕೊಳ್ಳುವ ನ್ಯಾಯಸ್ಥಾನವು ತನ್ನ ಗೌರವವನ್ನು ಕಳೆದುಕೊಳ್ಳುವುದಿಲ್ಲ, ಹೆಚ್ಚಿಸಿಕೊಳ್ಳುತ್ತದೆ; ಆದರೆ ಆ ಒಪ್ಪಿಗೆಯ ಭಾರವನ್ನು ಬಡ ಸಾಕ್ಷಿಯ ಮತ್ತು ಸೆರೆಯಲ್ಲಿರುವವನ ಹೆಗಲ ಮೇಲೆ ಹೊರಿಸಿ ತಾನು ಹಗುರಾಗುವ ರಾಜ್ಯವು ನ್ಯಾಯವನ್ನು ಅರ್ಧವೇ ಮರಳಿ ನೋಡಿದಂತೆ. ಉಳಿದರ್ಧವನ್ನು ನೋಡುವ ಕಾನೂನನ್ನು ಮಾಡಿಸುವ ಕೆಲಸ ನಮ್ಮ ಶಾಸಕರದು, ನಮ್ಮ ವಕೀಲರ ಸಂಘಗಳದು, ಅವರನ್ನು ಕೇಳತಕ್ಕ ನಮ್ಮೆಲ್ಲರದು.